ದೇವರ ಟಗರಿನ ಮುಂದೆ

ನಾಗೂಬಾಯಿ ತನ್ನ ಭಾವನ ಜೊತೆ ಮೂವತ್ತು ವರ್ಷದಲ್ಲಿ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಜಗಳವಿತ್ತೆಂದಲ್ಲ, ರೀತಿಯೇ ಹಾಗೆ. ಗಂಡನ ಅಣ್ಣ ಎದುರಿಗೆ ಬಂದರೆ ತಲೆಯ ಮೇಲೆ ಸೆರಗು, ಬಾಯಿಗೆ ಬೀಗ. ಆದರೆ ನಾಗೂಬಾಯಿಯದು ಬೀಗಕ್ಕೆ ಬಗ್ಗುವ ಬಾಯಲ್ಲ. ಭಾವ ಹಾಲಸಿದ್ದನಿಗೆ ಏನಾದರೂ ಹೇಳಬೇಕಾದಾಗ ಅವಳು ಅದನ್ನು ಟಗರಿಗೆ ಹೇಳುತ್ತಿದ್ದಳು. ಟಗರು ಕಿವಿ ಅಲ್ಲಾಡಿಸುತ್ತಿತ್ತು, ಹಾಲಸಿದ್ದ ಕೇಳಿಸಿಕೊಳ್ಳುತ್ತಿದ್ದ. ಹೀಗೆ ಒಂದು ಸಂಸಾರ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಟಗರೆಂದರೆ ಅಂತಿಂಥ ಟಗರಲ್ಲ, ಬೀರದೇವರ ಹೆಸರಿನಲ್ಲಿ ಬಿಟ್ಟದ್ದು. ಒಂದು ಮುದಿಯಾಗಿ ಸತ್ತರೆ ಇನ್ನೊಂದು ಅದರ ಗಂಟೆ ಕಟ್ಟಿಸಿಕೊಳ್ಳುತ್ತಿತ್ತು. ಹಣೆಗೆ ಅರಿಸಿನದ ಭಂಡಾರ, ಕೊರಳಲ್ಲಿ ಕಂಚಿನ ಗಂಟೆ. ಹಿಂಡು ಹೊರಟಿತೆಂದರೆ ಮೊದಲು ದೇವರ ಟಗರು, ಅದರ ಗಂಟೆಯ ಸದ್ದು ಹಿಡಿದು ಮುನ್ನೂರು ಕುರಿ, ಎಲ್ಲಕ್ಕೂ ಹಿಂದೆ ಮನುಷ್ಯರು. ದೇವರ ಟಗರಿನ ಮುಂದೆ ಯಾರೂ ಹೆಜ್ಜೆ ಇಡಬಾರದು, ಇಟ್ಟವರು ಹಟ್ಟಿಯಿಂದ ಹೊರಗೆ. ಈ ಕಟ್ಟಳೆ ಯಾರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ. ಮಾಡಿದವನು ಲಾರಿ ನೋಡಿರಲಿಲ್ಲ ಎನ್ನುವುದು ಮಾತ್ರ ಖಂಡಿತ.

ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಹೋಗುವ ರಸ್ತೆ ಆಗಿನ್ನೂ ಹೊಸದಾಗಿ ಡಾಂಬರು ಕಂಡಿತ್ತು. ಮಹಾರಾಷ್ಟ್ರವೆಂಬ ರಾಜ್ಯ ಆಗಿ ಒಂದೇ ವರ್ಷವಾಗಿತ್ತು. ಮೊದಲು ಅದು ಧೂಳಿನ ಚಕ್ಕಡಿ ದಾರಿ. ಎತ್ತು ಕುರಿಯನ್ನು ನೋಡಿ ತಾನೇ ನಿಲ್ಲುತ್ತಿತ್ತು, ಅಷ್ಟು ಬುದ್ಧಿ ಎತ್ತಿಗಿತ್ತು. ಡಾಂಬರು ಬಿದ್ದ ಮೇಲೆ ಬೆಲ್ಲದ ಲಾರಿ, ನೂಲಿನ ಲಾರಿ, ಮೋಟಾರು ಒಂದರ ಹಿಂದೊಂದು ಹಾರತೊಡಗಿದವು. ರಸ್ತೆಯ ಈ ಕಡೆ ಕುರಿ ಮೇಯುವ ಗುಡ್ಡ, ಆ ಕಡೆ ನೀರು ಕುಡಿಯುವ ಹಿರಣ್ಯಕೇಶಿ ಹೊಳೆ. ದಾಟದೆ ಗತಿಯಿಲ್ಲ.

ಶಿವರಾತ್ರಿ ಕಳೆದ ಮರುವಾರ ಆಗಬಾರದ್ದು ಆಯಿತು. ಆಲದ ಮರದ ತಿರುವಿನಲ್ಲಿ ದೇವರ ಟಗರು ರಸ್ತೆ ದಾಟಿ ಆ ಬದಿಗೆ ಹೋಗಿತ್ತು. ಆ ಕಡೆ ಗಂಟೆ ಬಾರಿಸುತ್ತಿದ್ದರೆ ಕುರಿ ನಿಲ್ಲುತ್ತದೆಯೇ? ನಿಲ್ಲುವುದಿಲ್ಲ, ಯಮನೇ ಎದುರು ಬಂದರೂ ಗಂಟೆಯ ಕಡೆಗೇ ಹೋಗುತ್ತದೆ. ತಿರುವಿನಲ್ಲಿ ಇಚಲಕರಂಜಿಯ ನೂಲಿನ ಲಾರಿ ಬಂತು. ನಾಗೂಬಾಯಿಯ ಗಂಡ ಜೋತಿಬಾ ಹಿಂಡಿನ ಹಿಂದಿನಿಂದ ಓಡಿ ನಡುವೆ ನುಗ್ಗುವಷ್ಟರಲ್ಲಿ ಹನ್ನೊಂದು ಕುರಿ ಗಾಲಿಯ ಕೆಳಗಿದ್ದವು, ಜೋತಿಬಾ ರಸ್ತೆಯ ಅಂಚಿನಲ್ಲಿ ಬಿದ್ದಿದ್ದ. ಲಾರಿ ಇಪ್ಪತ್ತು ಮಾರು ಮುಂದೆ ಹೋಗಿ ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಣ್ಣ ಕಾಣಂಗಿಲ್ಲೇನ ನಿಮಗ?" ಎಂದು ಒದರಿ ಹೊರಟುಹೋದ.

ಜೋತಿಬಾ ಈಗ ಕೊಲ್ಹಾಪುರದ ದವಾಖಾನೆಯಲ್ಲಿ, ಮುರಿದ ತೊಡೆ ನೆಟ್ಟಗೆ ಕೂಡಲೆಂದು ಕಾಲಿಗೆ ಇಟ್ಟಂಗಿಯ ಭಾರ ಜೋತು ಬಿಡಿಸಿಕೊಂಡು ಅಂಗಾತ ಮಲಗಿದ್ದ. ಮುಂಗಾಲು ಮುರಿದಿದ್ದ ಒಂದು ಕಪ್ಪು ಕುರಿಯನ್ನು ಕೊಯ್ದುಬಿಡೋಣ ಎಂದು ಎಲ್ಲರೂ ಅಂದರು. ನಾಗೂಬಾಯಿ ಕೊಡಲಿಲ್ಲ. ಬಿದಿರಿನ ದಬ್ಬೆ ಕಟ್ಟಿ, ಮಡಿಲಲ್ಲಿಟ್ಟು ಮೇವು ತಿನ್ನಿಸಿ ಉಳಿಸಿಕೊಂಡಳು. ಕಾಲು ಸೊಟ್ಟಗೆ ಕೂಡಿತು. ಅಂದಿನಿಂದ ಅದು ಕುಂಟುತ್ತ ಹಿಂಡಿನ ಕೊನೆಗೆ ಬರುತ್ತಿತ್ತು.

ಹಾಲಸಿದ್ದ ತೀರ್ಪು ಕೊಟ್ಟ. "ದೇವರಿಗೆ ಸಿಟ್ಟ ಬಂದೈತಿ. ಯಾರೋ ನಡಕೋಬೇಕಾದ ರೀತೀಲೆ ನಡಕೊಂಡಿಲ್ಲ. ಅದಕ್ಕ ಹನ್ನೊಂದು ತಗೊಂಡಾನ."

ನಾಗೂಬಾಯಿ ಟಗರಿನ ಹಣೆ ಸವರುತ್ತ ಟಗರಿಗೇ ಹೇಳಿದಳು. "ಕೇಳಿದೇನಪಾ? ಬೀರದೇವರಿಗೆ ಕುರಿ ಬೇಕಾಗಿದ್ರ ಇಚಲಕರಂಜಿ ಲಾರಿ ತಗೊಂಡ ಬರತಿದ್ನಂತ."

ಡ್ರೈವರ್ ಯಾರೆಂದು ಊರಿಗೆಲ್ಲ ಗೊತ್ತಿತ್ತು. ಬಾಳಗೊಂಡ ಎಂದು, ಇಚಲಕರಂಜಿಯ ಒಬ್ಬ ವ್ಯಾಪಾರಿಯ ಲಾರಿ ಹೊಡೆಯುವವನು. ಒಂದು ಸಂತೆಯ ದಿನ ನಾಗೂಬಾಯಿ ಗಡಹಿಂಗ್ಲಜದ ಚಹಾದಂಗಡಿಗೆ ನುಗ್ಗಿ ಅವನ ಮುಂದೆ ನಿಂತು ಹನ್ನೊಂದು ಕುರಿಯ ಲೆಕ್ಕ ಕೇಳಿದಳು. ಬಾಳಗೊಂಡ ಬಸಿಯಲ್ಲಿ ಚಹಾ ಸುರುವಿಕೊಂಡು ಆರಾಮಾಗಿ ಕುಡಿದ. ಆಮೇಲೆ ಅಂದ, "ನೋಡ್ ಬಾಯಿ, ಸರಕಾರ ರಸ್ತೆ ಮಾಡಿದ್ದು ಮೋಟಾರಿಗೆ. ಕುರಿಗೆ ಗುಡ್ಡ ಐತಿ. ರಸ್ತೆ ಕಾನೂನ ನಿನಗೇನ ಗೊತ್ತೈತಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾಗೂಬಾಯಿಗೆ ಉತ್ತರ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಉತ್ತರ ಹೊಳೆಯದೆ ಇದ್ದದ್ದು ಅದೇ ಮೊದಲು. ಗಂಡನ ಕಾಲಿಗಿಂತ ಹೆಚ್ಚಾಗಿ ಆ ನಗೆ ಅವಳ ಹೊಟ್ಟೆಯಲ್ಲಿ ಬೆಂಕಿ ಹಾಕಿತು, ಇದನ್ನು ಅವಳೇ ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಿದ್ದಳು.

ಆಗ ಹಿಂಡು ಬಸವಣ್ಣೆಪ್ಪ ಸಾವಕಾರರ ಹೊಲದಲ್ಲಿ ತಂಗಿತ್ತು. ಮಳೆಗೆ ಮುಂಚೆ ಹೊಲದಲ್ಲಿ ಕುರಿ ತರುಬಿಸಿ ಗೊಬ್ಬರ ಮಾಡಿಸಿಕೊಳ್ಳುವುದು ಒಕ್ಕಲಿಗರ ವಾಡಿಕೆ. ಬಸವಣ್ಣೆಪ್ಪನವರು ಆ ವರ್ಷ ಕೊಲ್ಹಾಪುರದ ಪೇಟೆಗೆ ಬೆಲ್ಲ ಸಾಗಿಸಲು ಸ್ವಂತದ ಲಾರಿ ಕೊಂಡಿದ್ದರು. ಐವತ್ತರ ವಯಸ್ಸಿನಲ್ಲಿ ತಾವೇ ಹೊಡೆಯುತ್ತೇನೆಂಬ ಹುಚ್ಚು ಹಿಡಿದು ಲೈಸನ್ಸಿನ ಪರೀಕ್ಷೆಗೆ ಹೋಗಿ ಒಮ್ಮೆ ಢುಮ್ಕಿ ಹೊಡೆದು ಬಂದಿದ್ದರು. ಈಗ ಮಾವಿನ ಮರದ ಕೆಳಗೆ ಮಂಚ ಹಾಕಿಕೊಂಡು, ಊಟದ ತಾಟನ್ನೇ ಸ್ಟೇರಿಂಗ್ ಮಾಡಿಕೊಂಡು, ಮರಾಠಿಯ ನಿಯಮದ ಪುಸ್ತಕವನ್ನು ಶಾಲೆಯ ಹುಡುಗನಂತೆ ಗಟ್ಟಿಯಾಗಿ ಉರುಹೊಡೆಯುತ್ತಿದ್ದರು. ಒಂದು ಸಾಲು ಮರಾಠಿ, ಅದರ ಅರ್ಥ ಕನ್ನಡ, ನಡುನಡುವೆ ಬಾಯಿಂದಲೇ ಹಾರ್ನು.

"ಎಡಕ್ಕ ನಡೀಬೇಕು. ಮುಂದಿನ ಗಾಡಿ ದಾಟೂದಾದ್ರ ಬಲಕ್ಕ. ತಿರುವಿನ್ಯಾಗ ದಾಟಬಾರದು. ಜನಾವರ ಸಂಭಾಳಿಸಾವರು, ಯಾರೇ ಇರಲಿ, ಜನಾವರ ಬೆದರೀತು ಅನಿಸಿ ನಿಲ್ಲು ಅಂತ ಹೇಳಿದ್ರ ಮೋಟಾರ್ ನಿಲ್ಲಿಸಬೇಕು, ಬೇಕಾದಷ್ಟು ಹೊತ್ತು ನಿಂತಿರಬೇಕು..."

ಬೇಲಿಯ ಹತ್ತಿರ ಮರಿಗಳಿಗೆ ತೊಪ್ಪಲು ಹಾಕುತ್ತಿದ್ದ ನಾಗೂಬಾಯಿ ಅಲ್ಲಿಂದಲೇ ಕೂಗಿದಳು. "ಸಾವಕಾರ್ರ, ಅದನ್ನ ಇನ್ನೊಮ್ಮೆ ಓದ್ರಿ."

"ಇದು ನಮ್ಮ ಪರೀಕ್ಷೆ, ನಾಗೂಬಾಯಿ. ನಿನಗ್ಯಾಕ?"

"ಓದ್ರಿ ಅಂದ್ರ ಓದ್ರಿ."

ಓದಿದರು. ಅವಳು ಮೂರು ಸಲ ಓದಿಸಿದಳು, ಕನ್ನಡದಲ್ಲಿ ಎರಡು, ಮರಾಠಿಯಲ್ಲಿ ಒಂದು.

"ಯಾರೇ ಇರಲಿ ಅಂದ್ರ ಹೆಂಗಸೂ ಏನ್ರಿ?"

"ಯಾರೇ ಅಂದ್ರ ಯಾರೇ."

"ಕುರಿ ಕಾಯೂ ಧನಗರ ಹೆಂಗಸು?"

"ನಿನ್ನ ಹೆಸರೊಂದ ಬರದಿಲ್ಲ ನೋಡು," ಬಸವಣ್ಣೆಪ್ಪ ತಾಟು ಕೆಳಗಿಟ್ಟರು. "ಉಳದದ್ದೆಲ್ಲ ಬರದಾರ."

"ಹಿಂಡಿನ ಹಿಂದ ನಿಂತ ಹೇಳಿದ್ರ ನಡೀತೈತೇನ್ರಿ?"

"ಹಿಂದ ನಿಂತ್ರ ಡ್ರೈವರಗ ಹೆಂಗ ಕಾಣತಿ? ಮುಂದ ನಿಂದ್ರಬೇಕು. ತಿರುವಿನ್ಯಾಗ ಅಲ್ಲ, ದೂರದಿಂದ ಕಾಣೂ ನೆಟ್ಟಗಿನ ರಸ್ತೆದಾಗ. ಲಾರಿ ಅಂದ್ರ ಎತ್ತಲ್ಲವಾ, ಹಗ್ಗಾ ಎಳದ ಕೂಡಲೇ ನಿಲ್ಲಾಕ."

ಸಮಸ್ಯೆ ಅಲ್ಲೇ ಇತ್ತು. ಮುಂದೆ ನಿಲ್ಲಬೇಕೆಂದರೆ ದೇವರ ಟಗರಿನ ಮುಂದೆ ನಿಲ್ಲಬೇಕು. ನಾಗೂಬಾಯಿ ಆ ದಿನವೆಲ್ಲ ಯೋಚನೆ ಮಾಡಿದಳು. ಹಟ್ಟಿಯಿಂದ ಹೊರಗೆ ಹಾಕಿದರೆ ಹಿಂಡಿನಲ್ಲಿ ಪಾಲಿಲ್ಲ, ಗುಡಾರದಲ್ಲಿ ಜಾಗವಿಲ್ಲ. ದವಾಖಾನೆಯಿಂದ ಕುಂಟುತ್ತ ಬರುವ ಗಂಡನನ್ನು ಯಾವ ಮರದ ಕೆಳಗೆ ಕೂರಿಸುವುದು? ಹಾಗೆಂದು ಹಿಂದೆಯೇ ನಡೆದರೆ ಇಂದು ಹನ್ನೊಂದು, ನಾಳೆ ಇಪ್ಪತ್ತು. ಭಯ ಅವಳಿಗೂ ಆಯಿತು. ಆದರೆ ಚಹಾದಂಗಡಿಯ ನಗೆ ನೆನಪಾದಾಗೆಲ್ಲ ಭಯ ಹಿಂದೆ ಸರಿಯಿತು.

ಬೆಳಿಗ್ಗೆ ಭಂಡಾರ ತಂದು ಟಗರಿನ ಹಣೆಗೆ ಹಚ್ಚಿದಳು. ಹಾಲಸಿದ್ದ ಆಚೆ ಕಂಬಳಿ ಮಡಚುತ್ತಿದ್ದ.

"ಇವತ್ತಿಂದ ರಸ್ತೆ ದಾಟೂಮುಂದ ನಾ ನಿನ್ನ ಮುಂದ ನಡೀತೇನಪಾ," ಎಂದಳು ಟಗರಿಗೆ. "ಆಲದ ಮರದ ತಿರುವಿನ್ಯಾಗ ಬ್ಯಾಡ, ಮೈಲಿಕಲ್ಲಿನ ಹತ್ರ ದಾಟೂಣು. ನಿನಗ ಸಿಟ್ಟ ಬಂದ್ರ ಹಿಂದಿಂದ ಹಾಯಿ. ಕ್ವಾಡ ನಿನ್ನವ, ಬೆನ್ನ ನಂದು."

ಹಾಲಸಿದ್ದನ ಕೈಯಿಂದ ಕಂಬಳಿ ಬಿತ್ತು. ಅವನೂ ಟಗರಿಗೇ ಹೇಳಿದ, ಮೂವತ್ತು ವರ್ಷದ ರೂಢಿ. "ಮುಂದ ಹೆಜ್ಜಿ ಇಟ್ರ ಸಂಜೀಕ ಹಟ್ಟಿಗೆ ಬರೂದ ಬ್ಯಾಡ ಅಂತ ಹೇಳು."

"ಕೇಳಿಸೇತಿ ಅಂತ ಹೇಳು," ಎಂದಳು ನಾಗೂಬಾಯಿ.

ಹೊತ್ತು ನೆತ್ತಿಗೆ ಬರುವ ಮುಂಚೆ ಹಿಂಡು ಗುಡ್ಡ ಇಳಿಯಿತು. ಹಾಲಸಿದ್ದ ಹಿಂಡಿನ ಹಿಂದೆ ಬರಲಿಲ್ಲ. ದೇವರ ಸಿಟ್ಟು ಹೇಗೆ ಬರುತ್ತದೆಂದು ನೋಡಲು ರಸ್ತೆಯ ಬದಿಯಲ್ಲಿ, ಮೈಲಿಕಲ್ಲಿನ ಪಕ್ಕ, ಕೋಲೂರಿ ನಿಂತಿದ್ದ. ಕಟ್ಟಳೆ ಮುರಿಯುವವಳಿಗೆ ಹಿಂಡನ್ನು ಒಪ್ಪಿಸಿ ಅವನು ಸಾಕ್ಷಿಯಾಗಲು ಬಂದಿದ್ದ.

ನಾಗೂಬಾಯಿ ಕಚ್ಚೆ ಬಿಗಿದಳು. ದೇವರ ಟಗರಿನ ಪಕ್ಕಕ್ಕೆ ಬಂದಳು, ಅದರ ಮುಖ ನೋಡಿದಳು, ಮೂರು ಹೆಜ್ಜೆ ಮುಂದೆ ಹೋದಳು. ಏನೂ ಆಗಲಿಲ್ಲ. ನಾಲ್ಕನೆಯ ಹೆಜ್ಜೆಗೆ ಡಾಂಬರು ಅಂಗಾಲನ್ನು ಸುಟ್ಟಿತು. ಹಿಂದೆ ಗಂಟೆ ಸದ್ದು ಮಾಡಿತು. ಟಗರು ಅವಳ ಹಿಂದೆ ಬರುತ್ತಿತ್ತು.

ಆಗಲೇ ಸಂಕೇಶ್ವರದ ಕಡೆಯಿಂದ ಲಾರಿ ಕಾಣಿಸಿತು. ನೀಲಿ ತಾಡಪತ್ರಿ ಹೊದಿಸಿದ ನೂಲಿನ ಲಾರಿ, ಬಾಳಗೊಂಡನದು. ನಾಗೂಬಾಯಿ ಅದಕ್ಕೆ ಎದುರಾಗಿ ತಿರುಗಿ, ಬಲಗೈ ಮೇಲೆತ್ತಿ, ಅಂಗೈ ಬಿಡಿಸಿ ನಿಂತಳು. ಲಾರಿ ಹಾರ್ನು ಹೊಡೆಯಿತು. ಅವಳು ನಿಂತೇ ಇದ್ದಳು. ಇನ್ನೂ ಉದ್ದಕ್ಕೆ ಹೊಡೆಯಿತು. ಕೈ ಇಳಿಯಲಿಲ್ಲ. ಕೊನೆಗೆ ಬ್ರೇಕು ಕಿರುಚಿ, ಗಾಲಿ ತಿಕ್ಕಿದ ವಾಸನೆ ಎದ್ದು, ಲಾರಿ ಅವಳಿಂದ ಹತ್ತು ಮಾರು ದೂರದಲ್ಲಿ ನಿಂತಿತು.

ಬಾಳಗೊಂಡ ಬಾಗಿಲು ತೆರೆದು ಅರ್ಧ ಹೊರಗೆ ಜೋತುಬಿದ್ದ. "ಹುಚ್ಚು ಹಿಡದೈತೇನ? ಸರಿ ಆಚೆ!"

ನಾಗೂಬಾಯಿ ಮರಾಠಿಯಲ್ಲಿ, ಸಾವಕಾರರ ಪುಸ್ತಕದಲ್ಲಿದ್ದಂತೆಯೇ, ಒಂದಕ್ಷರ ಬಿಡದೆ ಹೇಳಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು. "ಜನಾವರ ಸಂಭಾಳಿಸಾಕಿ ನಾ. ನಿಲ್ಲು ಅಂದೇನಿ. ನಿಲ್ಲಬೇಕು, ಬೇಕಾದಷ್ಟು ಹೊತ್ತು. ಇದು ಸರಕಾರದ ಕಾನೂನ. ಚಹಾದಂಗಡ್ಯಾಗ ಕೇಳಿದ್ಯಲ್ಲ, ನನಗೇನ ಗೊತ್ತೈತಿ ಅಂತ? ಇಷ್ಟ ಗೊತ್ತೈತಿ."

ಲೈಸನ್ಸಿಗಾಗಿ ಬಾಳಗೊಂಡನೂ ಒಂದು ಕಾಲದಲ್ಲಿ ಅದೇ ಪುಸ್ತಕ ಉರುಹೊಡೆದಿದ್ದ. ಮರೆತದ್ದನ್ನು ಕುರಿ ಕಾಯುವ ಹೆಂಗಸು ನಡುರಸ್ತೆಯಲ್ಲಿ ನೆನಪು ಮಾಡಿಕೊಟ್ಟರೆ ಗಂಡಸು ಏನು ಮಾಡಬೇಕೆಂದು ಮಾತ್ರ ಆ ಪುಸ್ತಕದಲ್ಲಿ ಬರೆದಿರಲಿಲ್ಲ.

ಅವಳ ಹಿಂದೆ ಕುರಿಗಳು ದಾಟತೊಡಗಿದವು. ಟಗರು ರಸ್ತೆಯ ನಡುವೆ ಇದ್ದಾಗ ನಾಗೂಬಾಯಿಗೆ ಬೆನ್ನ ಕಡೆಯಿಂದ ಇನ್ನೊಂದು ಸದ್ದು ಕೇಳಿಸಿತು. ತಿರುಗಿ ನೋಡಿದಳು. ಗಡಹಿಂಗ್ಲಜದ ಕಡೆಯಿಂದ ಬೆಲ್ಲದ ಲಾರಿಯೊಂದು ಬರುತ್ತಿತ್ತು. ರಸ್ತೆಗೆ ಎರಡು ದಿಕ್ಕು, ಅವಳಿಗೆ ಮುಖ ಒಂದೇ. ಇದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಕಡೆ ಕೈ ಇಳಿಸಿದರೆ ಬಾಳಗೊಂಡ ಹೊರಡುತ್ತಾನೆ, ಆ ಕಡೆ ಎತ್ತದಿದ್ದರೆ ಮತ್ತೆ ಅದೇ ರಕ್ತ.

ನಾಗೂಬಾಯಿ ಮೂವತ್ತು ವರ್ಷದ ಸೆರಗನ್ನು ತಲೆಯಿಂದ ಕಿತ್ತೆಸೆದಳು.

"ಭಾವಾರ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಟಗರಿಗಲ್ಲ, ಹಾಲಸಿದ್ದನಿಗೇ, ಅವನ ಮುಖ ನೋಡಿ. "ಭಾವಾರ, ಕೈ ಎತ್ರಿ! ಮುಂದ ಬಂದು ಕೈ ಎತ್ರಿ!"

ಹಾಲಸಿದ್ದ ಟಗರನ್ನು ನೋಡಿದ. ಲಾರಿಯನ್ನು ನೋಡಿದ. ಆಮೇಲೆ ಅರವತ್ತರ ಆ ಮುದುಕ, ತನ್ನ ಬಾಯಿಂದಲೇ ಬೆಳಿಗ್ಗೆ ಬಂದ ಕಟ್ಟಳೆಯನ್ನು ತನ್ನ ಕಾಲಿಂದಲೇ ತುಳಿದುಕೊಂಡು, ದೇವರ ಟಗರಿನ ಮೂಗಿನ ಮುಂದಿನಿಂದ ಓಡಿ ರಸ್ತೆಯ ನಡುವೆ ಹೋಗಿ, ಒಂದಲ್ಲ, ಎರಡೂ ಕೈ ಎತ್ತಿ ನಿಂತ. ಒಂದು ಕೈಯಲ್ಲಿ ಕೋಲಿತ್ತು.

ಬೆಲ್ಲದ ಲಾರಿ ನಿಂತಿತು.

ನಾಗೂಬಾಯಿ ಆ ಕಡೆ, ಹಾಲಸಿದ್ದ ಈ ಕಡೆ, ನಡುವೆ ಗಂಟೆ ಬಾರಿಸುತ್ತ ದೇವರ ಟಗರು, ಅದರ ಹಿಂದೆ ಹಿಂಡು. ದಾಟಿ ಮುಗಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಿಡಿಯಿತು. ಹಿಂಡು ತೆಳುವಾದದ್ದನ್ನು ನೋಡಿ ಬಾಳಗೊಂಡ ಗೇರು ಹಾಕಿದ.

"ಮುಗದಿಲ್ಲ," ಎಂದಳು ನಾಗೂಬಾಯಿ.

"ಎಲ್ಲಾ ದಾಟ್ಯಾವಲ್ಲ!"

"ಇನ್ನೊಂದೈತಿ."

ಹೌದು, ಇನ್ನೊಂದಿತ್ತು. ಗುಡ್ಡದ ಕಾಲುದಾರಿಯಿಂದ ಕಪ್ಪು ಕುರಿ ಇಳಿಯುತ್ತಿತ್ತು. ಸೊಟ್ಟ ಮುಂಗಾಲನ್ನು ಒಂದೊಂದೇ ಸಲ ಎತ್ತಿ ಇಡುತ್ತ, ನಡುನಡುವೆ ನಿಂತು ಉಸಿರು ತಿರುಗಿಸಿಕೊಳ್ಳುತ್ತ ಅದು ಡಾಂಬರಿನ ಮೇಲೆ ಬಂತು. ಎರಡೂ ಕಡೆ ಲಾರಿಗಳು ನಿಂತಿದ್ದವು. ಬೆಲ್ಲದ ಲಾರಿಯ ಹಿಂದೆ ಎರಡು ಚಕ್ಕಡಿ, ಒಂದು ಸೈಕಲ್ಲು ಕೂಡಿದ್ದವು. ಯಾರೂ ಹಾರ್ನು ಹೊಡೆಯಲಿಲ್ಲ. ಕುರಿ ಬಾಳಗೊಂಡನ ಲಾರಿಯ ಮುಂದೆಯೇ, ಅವನ ಕಣ್ಣಳತೆಯಲ್ಲೇ, ಕುಂಟುತ್ತ ಹೋಯಿತು. ಬಾಳಗೊಂಡ ಆ ಕಾಲನ್ನು ನೋಡಿದ, ಯಾವ ಕುರಿ ಎಂದು ಅವನಿಗೆ ತಿಳಿಯಿತು. ಅವನು ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದ.

ಕುರಿ ಆಚೆ ಬದಿಯ ಹುಲ್ಲು ಮುಟ್ಟುವ ತನಕ ನಾಗೂಬಾಯಿ ಕೈ ಇಳಿಸಲಿಲ್ಲ. ಹಾಲಸಿದ್ದನೂ ಇಳಿಸಲಿಲ್ಲ.

ಹೊಳೆಯ ಕಡೆಗೆ ಇಳಿಯುವಾಗ ನಾಗೂಬಾಯಿ ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡಳು. ನೀರಿಗೆ ಬಾಯಿಟ್ಟಿದ್ದ ಟಗರಿನ ಹತ್ತಿರ ಹೋಗಿ ಗಂಟೆ ಸರಿಮಾಡುತ್ತ ಕೇಳಿದಳು. "ಸಂಜೀಕ ಹಟ್ಟಿಂದ ಹೊರಗ ಹಾಕೂದು ನನ್ನೊಬ್ಬಾಕೀನ ಏನು, ಇಬ್ಬರನ್ನೂ ಏನು, ಕೇಳಿ ಹೇಳಪಾ."

ಟಗರು ಕಿವಿ ಅಲ್ಲಾಡಿಸಿತು. ಹಾಲಸಿದ್ದ ಹೊಳೆಯ ದಂಡೆಯ ಮೇಲೆ ಕುಳಿತು ತೋಳು ತಿಕ್ಕಿಕೊಳ್ಳುತ್ತಿದ್ದ. ಟಗರಿನ ಕಡೆ ನೋಡದೆ, ನೇರ ತಮ್ಮನ ಹೆಂಡತಿಯ ಮುಖ ನೋಡಿ ಅಂದ.

"ಸಂಜೀಕ ತಿರಗಿ ದಾಟೂಮುಂದ ಗಡಹಿಂಗ್ಲಜದ ಕಡೆ ನಾ ನಿಲ್ಲತೇನಿ. ಆ ಲಾರ್‍ಯಾವ ಮರಳಿ ಬರೂಮುಂದ ನನ್ನ ಕೈಯೂ ನೋಡ್ಲಿ."