ನೀಲಾಳ ಮೊಣಕಾಲಿಗೆ ಹೊತ್ತ ಹರಕೆ

ಮೊಣಕಾಲು ಮಗಳದು, ಹರಕೆ ಹೊತ್ತವಳು ತಾಯಿ. ಹೊರುವ ಮೊದಲು ಮಗಳನ್ನು ಒಂದು ಮಾತು ಕೇಳಬೇಕಿತ್ತೋ ಬೇಡವೋ? ಶಟ್ಟೆವ್ವ ಕೇಳಲಿಲ್ಲ. ಹೆತ್ತವಳು ದೇವರ ಮುಂದೆ ಸೆರಗೊಡ್ಡಲು ಯಾರ ಅಪ್ಪಣೆ ಬೇಕು, ಹೇಳಿ! ಮುನವಳ್ಳಿಯಾಚೆಯ ಆ ಊರಿನಲ್ಲಿ ಯಾವ ತಾಯಿಯೂ ಕೇಳುತ್ತಿರಲಿಲ್ಲ.

ಅಪ್ಪ ಸತ್ತ ಮೇಲೆ ಮೂಲೆ ಹಿಡಿದು ಕೂತ ಹುಡುಗಿ ನೀಲಾ. ಕರೆದರೆ ಹ್ಞೂಂ, ಉಣ್ಣಲು ಕೊಟ್ಟರೆ ಹ್ಞೂಂ, ಅಷ್ಟೇ. ಬೈಲಹೊಂಗಲದ ಕಾಲೇಜಿಗೆ ಸೇರಿದ ಮೇಲೆ, ತಮ್ಮದೇ ಓಣಿಯ ಡ್ರೈವರ್ ಲಾಲಸಾಬನ ಮಗಳು ಜೀನತ್ ಅವಳನ್ನು ಎಳೆದುಕೊಂಡು ಗುಡ್ಡದ ಮೇಲೆ ಓಡಲು ಹೋಗತೊಡಗಿದಳು. ಶಟ್ಟೆವ್ವ ಬೈದದ್ದೇ ಬೈದದ್ದು. ವಯಸ್ಸಿಗೆ ಬಂದ ಹುಡುಗಿಯರು ಆಡಿನ ಹಾಗೆ ಗುಡ್ಡ ಹತ್ತುವುದೆಂದರೇನು, ನೋಡಿದವರು ನಗುವುದಿಲ್ಲವೇ? ಒಂದು ಮುಂಜಾನೆ ನೀಲಾ ಬೆವರು ಸುರಿಸುತ್ತ ಒಳಗೆ ಬಂದಳು. "ಎವ್ವಾ, ಇವತ್ತ ಜೀನತ್ ನವಿಲಿನ ಬೆನ್ನ ಹತ್ತಿ ಜಾಲಿಕಂಟ್ಯಾಗ ಬಿದ್ಲಬೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ವರ್ಷವಾಗಿತ್ತು! ಶಟ್ಟೆವ್ವ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಂದಿನಿಂದ ಬೈಯಲಿಲ್ಲ.

ಹೋದ ವರ್ಷದ ಗುಡ್ಡದ ಓಟದ ಸ್ಪರ್ಧೆಯಲ್ಲಿ, ಮುಗಿಯುವ ಜಾಗ ಕಣ್ಣಿಗೆ ಕಾಣುತ್ತಿರುವಾಗಲೇ ನೀಲಾಳ ಬಲಗಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿ ಮೊಣಕಾಲು ತಿರುಚಿತು. ಹೊತ್ತು ತಂದರು. ಹುಡುಗಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಶಟ್ಟೆವ್ವನಿಗೆ ಕಾಲಿಗಿಂತ ಆ ಗೋಡೆಯದೇ ಭಯ. ಸೀದಾ ದುರ್ಗವ್ವನ ಗುಡಿಗೆ ಹೋದಳು.

"ನನ್ನ ಮಗಳ ಕಾಲ ನೆಟ್ಟಗ ಮಾಡವ್ವಾ. ಅಕಿ ಮೊದಲಿನಂಗ ಓಡಿದ್ರ, ಅಕಿ ಕೈಲೆ ಬಾವಿಯಿಂದ ನಿನ್ನ ಹೊಸ್ತಿಲತನಕ ದೀಡ ನಮಸ್ಕಾರ ಹಾಕಸ್ತೇನಿ."

ದೀಡ ನಮಸ್ಕಾರವೆಂದರೆ ಒದ್ದೆ ಬಟ್ಟೆಯಲ್ಲಿ ನೆಲಕ್ಕೆ ಉದ್ದಕ್ಕೆ ಬೀಳಬೇಕು, ಕೈ ಮುಟ್ಟಿದಲ್ಲಿ ಗೀರು ಎಳೆಯಬೇಕು, ಎದ್ದು ಆ ಗೀರಿನ ಮೇಲೆ ನಿಂತು ಮತ್ತೆ ಬೀಳಬೇಕು. ಪ್ರತಿ ಸಲವೂ ಮೊದಲು ನೆಲಕ್ಕೆ ತಾಗುವುದು ಮೊಣಕಾಲು. ಪಾಪ, ಅದು ಆಗ ಅವಳಿಗೆ ಹೊಳೆಯಲೇ ಇಲ್ಲ.

ಬೈಲಹೊಂಗಲದ ಫಿಸಿಯೊಥೆರಪಿ ಡಾಕ್ಟರು ಪಾದಕ್ಕೆ ಭಾರ ಕಟ್ಟಿಕೊಂಡು ಕಾಲು ಎತ್ತುವ ವ್ಯಾಯಾಮ ಹೇಳಿಕೊಟ್ಟರು. ಶಟ್ಟೆವ್ವ ಹಳೆಯ ಸೀರೆ ಹರಿದು ಚೀಲ ಹೊಲಿದು ಜೋಳ ತುಂಬಿದಳು. ಮಗಳು ಕಾಲು ಎತ್ತುವಾಗ ಪಕ್ಕದಲ್ಲಿ ಕೂತು ತಾನೂ ಉಸಿರು ಬಿಗಿಹಿಡಿಯುತ್ತಿದ್ದಳು. ಕಾಲಿಗೆ ಬಲ ಬಂದ ಹಾಗೆಲ್ಲ ಇನ್ನೊಂದು ಹಿಡಿ ಜೋಳ ಸುರಿಯುತ್ತಿದ್ದಳು. ನಡಿಗೆ ಬಂತು, ಮೆಲ್ಲನೆಯ ಓಟ ಬಂತು, ಮಳೆಗಾಲ ಮುಗಿಯುವ ಹೊತ್ತಿಗೆ ಗುಡ್ಡ ಹತ್ತುವುದೂ ಬಂತು. ಜೀನತ್ ತನ್ನ ವೇಗ ಬಿಟ್ಟು ಅವಳ ಜೊತೆಯೇ ಓಡಿದಳು. ಮನೆಯಲ್ಲಿ ಮತ್ತೆ ನಗು ಕೇಳಿಸಿತು. ಡಾಕ್ಟರು ತಾಯಿಯನ್ನೂ ಕೂರಿಸಿಕೊಂಡೇ ಹೇಳಿದ್ದರು: "ಓಡ್ಲಿ ಬಿಡ್ರಿ. ಆದ್ರ ಮೊಣಕಾಲೂರಿ ಕುಂದರೂದು ಏಳೂದು ಮಾತ್ರ ಬ್ಯಾಡ. ಇನ್ನೊಮ್ಮೆ ಪೆಟ್ಟಾದ್ರ ಕಷ್ಟ ಐತಿ." ಶಟ್ಟೆವ್ವ ತಲೆಯಾಡಿಸಿದ್ದಳು.

ಈ ವರ್ಷದ ಓಟ ಭಾನುವಾರವೆಂದು ಗೊತ್ತಾದ ಕೂಡಲೇ ಅವಳು ಹರಕೆಯ ಮಾತೆತ್ತಿದಳು. ಶುಕ್ರವಾರವೇ ತೀರಿಸಿಬಿಡಬೇಕಂತೆ.

"ಓಟ ಮುಗಿದ ಮ್ಯಾಲ ಹಾಕತೇನಬೇ," ಎಂದಳು ನೀಲಾ.

"ಹರಕಿ ಬಾಕಿ ಇಟಗೊಂಡ ಗುಡ್ಡ ಹತ್ತತಿ? ಕಾಲ ಕೊಟ್ಟಾಕಿಗೆ ಕಸಗೊಳ್ಳಾಕ ಎಷ್ಟೊತ್ತ?"

"ಡಾಕ್ಟರ್ ಏನ ಹೇಳ್ಯಾರ, ಮರತಿ?"

"ದೇವರ ಕೆಲಸದಾಗ ಯಾರ ಕಾಲಿಗೂ ಏನೂ ಆಗೂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಜೀನತ್ ತಡೆಯಲಾರದೆ, "ಕಾಕೂ, ಅಕಿ ಬದಲಿ ನೀವ ಹಾಕ್ರಲಾ," ಎಂದಳು.

"ನಾ ಒಲ್ಲೆ ಅಂತೇನೇನವ್ವಾ? ಉರುಳಕೋತ ಬೇಕಾದ್ರೂ ಹೋಗತಿದ್ನಿ. ಹೆಸರ ಅಕೀದ ಹೇಳಿಬಿಟ್ಟೇನಿ."

ನೀಲಾ ತಾಯಿಯ ಮುಖ ನೋಡಿದಳು. ಕಾಲು ಊರಲಾರದ ದಿನಗಳಲ್ಲಿ ಬಚ್ಚಲಿಗೆ ಹೊತ್ತುಕೊಂಡು ಹೋದ ತಾಯಿ. ಹೇಗೆ ಒಲ್ಲೆ ಎಂದಾಳು? "ಆತ ಬಿಡು," ಎಂದಳು.

ಶುಕ್ರವಾರ ಬೆಳಗಿನಲ್ಲಿ ಶಟ್ಟೆವ್ವ ಕೊಡ ಹಿಡಿದು ದಾರಿಗೆ ನೀರು ಹಾಕುತ್ತ ಮುಂದೆ ನಡೆದಳು. ಹಿಂದೆ ಮಗಳು ಬೀಳುತ್ತ ಏಳುತ್ತ ಬಂದಳು. ಗುಡಿಯ ಮುಂದಿನ ಫರಸಿ ಕಲ್ಲಿನ ಮೇಲೆ "ಅವ್ವಾ" ಎಂದು ನರಳಿದ್ದು ಕೇಳಿಸಿತು. ಮಗಳು ದೇವಿಯನ್ನೇ ಕರೆಯುತ್ತಿದ್ದಾಳೆಂದುಕೊಂಡ ಶಟ್ಟೆವ್ವ, ಅಯ್ಯೋ ಹುಚ್ಚಿ, ತಿರುಗಿ ನೋಡದೆ ಇನ್ನೂ ಜೋರಾಗಿ "ಉಧೋ ಉಧೋ" ಎಂದು ಕೂಗಿದಳು. ಹೊಸ್ತಿಲಲ್ಲಿ ಮಗಳ ಹಣೆಗೆ ಭಂಡಾರ ಹಚ್ಚುವಾಗ ಹುಡುಗಿಯ ಕಣ್ಣು ತುಂಬಿತ್ತು. ಭಕ್ತಿಯೆಂದು ತಾಯಿಗೆ ಸಂತೋಷವೋ ಸಂತೋಷ.

ಭಾನುವಾರ ಓಟ ಮುಗಿಯುವ ಕಮಾನಿನ ಹತ್ತಿರ ಶಟ್ಟೆವ್ವ ಸಕ್ಕರೆ ಪೊಟ್ಟಣ ಹಿಡಿದು ನಿಂತಳು. ಯಾರು ಯಾರೋ ಓಡಿ ಬಂದರು. ಬಿಸಿಲೇರಿತು. ಕೊನೆಗೆ ಜೀನತ್ ನಡೆದು ಬಂದಳು. ನೀಲಾ ಅವಳ ಬೆನ್ನ ಮೇಲಿದ್ದಳು. ಕಮಾನಿನ ಕಡೆ ಬರಲೇ ಇಲ್ಲ, ದವಾಖಾನೆಯ ಗಾಡಿಯ ಕಡೆ ಹೊರಳಿದರು.

ಶಟ್ಟೆವ್ವ ಓಡಿದಳು. "ಮತ್ತ ಕಲ್ಲ ಎಡವಿದೇನ ನನ್ನವ್ವಾ?"

"ಹೂನಬೇ, ಕಲ್ಲ," ಎಂದಳು ನೀಲಾ.

"ಸುಳ್ಳ ಯಾಕ ಹೇಳತಿ!" ಜೀನತ್ ಅಳುತ್ತ ಕಿರುಚಿದಳು. "ಕಾಕೂ, ಶುಕ್ರವಾರದಿಂದ ಅಕಿ ಮೊಣಕಾಲ ಬಾತಿತ್ರಿ. ನಿಮಗ ಗೊತ್ತಾಗಬಾರದಂತ ಮುಚ್ಚಿ ಇಟಗೊಂಡಾಳ. ಎಷ್ಟ ಹೇಳಿದ್ರೂ ಕೇಳಲಿಲ್ಲ. 'ಓಡಲಿಲ್ಲಂದ್ರ ಎವ್ವಗ ತಿಳಿತೈತಿ' ಅಂದ್ಲು."

ಶಟ್ಟೆವ್ವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಇದೇ ಕೈಯಲ್ಲಿ ಜೋಳ ತುಂಬಿ ನಿಲ್ಲಿಸಿದ ಕಾಲನ್ನು ಇದೇ ಬಾಯಿಂದ ಮುರಿದಿದ್ದಳು. ಎದೆ ಎದೆ ಬಡಿದುಕೊಂಡಳು. ಸಕ್ಕರೆ ಮಣ್ಣುಪಾಲಾಯಿತು.

ಆಪರೇಷನ್ ಮಾಡಿದರೆ ನೆಟ್ಟಗೆ ನಡೆಯಬಹುದು, ಗುಡ್ಡದ ಓಟ ಮರೆತುಬಿಡಿ ಎಂದರು ಡಾಕ್ಟರು. ಮನೆಗೆ ಬಂದ ನೀಲಾ ಮಂಚದ ಕೆಳಗಿನ ಚೀಲ ಎಳೆದು, ಹೊಲಿಗೆ ಬಿಚ್ಚಿ, ಜೋಳವನ್ನೆಲ್ಲ ಮೊರಕ್ಕೆ ಸುರಿದಳು.

"ಗಿರಣಿಗೆ ಹಾಕಿ ಬಾರಬೇ. ರೊಟ್ಟಿಗೆ ಆದೀತು."

ಶಟ್ಟೆವ್ವನ ಕೈಗಳು ತಾವಾಗಿಯೇ ಗುಡಿಯ ದಿಕ್ಕಿಗೆ ಜೋಡಿಗೊಂಡವು. "ಎವ್ವಾ ದುರ್ಗವ್ವಾ, ನನ್ನ ಮಗಳ..." ಎನ್ನುವಷ್ಟರಲ್ಲಿ ನೀಲಾ ಆ ಕೈಗಳನ್ನು ಹಿಡಿದು ಮೆಲ್ಲಗೆ ಬಿಡಿಸಿದಳು.

"ಬ್ಯಾಡಬೇ. ನನ್ನ ಹೆಸರಲೆ ಇನ್ನ ಏನೂ ಬೇಡಕೋಬ್ಯಾಡ."

ಸಿಟ್ಟಿನಿಂದ ಹೇಳಿದ್ದರೆ ತಾಯಿ ತಡೆದುಕೊಳ್ಳುತ್ತಿದ್ದಳೇನೋ. ಮಗಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಆಮೇಲೆ ಹುಡುಗಿ ಗೋಡೆಯ ಕಡೆ ಹೊರಳಿ ಮಲಗಿದಳು.

"ನೀಲವ್ವಾ," ಎಂದಳು ಶಟ್ಟೆವ್ವ.

"ಹ್ಞೂಂ," ಎಂದಳು ನೀಲಾ.