ಕಾಣೆಯಾದ ರಬ್ಬರ್ ಚಕ್ರ

ಹಳೇ ಸ್ಪೂಲ್ ಟೇಪ್ ರೆಕಾರ್ಡರುಗಳನ್ನು ಕೊಂಡು, ರಿಪೇರಿ ಮಾಡಿ, ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವುದು ನನ್ನ ಕಸುಬು. ಇಲ್ಲಿ ಅಟ್ಟದ ಮೇಲೆ ಧೂಳು ತಿನ್ನುವ ಯಂತ್ರವನ್ನು ಅಲ್ಲಿ ಮಗುವಿನಂತೆ ಎತ್ತಿಕೊಳ್ಳುವವರಿದ್ದಾರೆ. ಅವರ ಮುಖ ನಾನು ಕಂಡಿಲ್ಲ, ನನ್ನ ಮುಖ ಅವರಿಗೆ ಬೇಕಾಗಿಲ್ಲ. ಅಂಗಡಿಯಲ್ಲಿ ನಾನು, ರಟ್ಟಿನ ಪೆಟ್ಟಿಗೆಗಳು, ಥರ್ಮೋಕೋಲು. ಮಾತಾಡಬೇಕೆನಿಸಿದರೆ ಮೈಕ್ ಪರೀಕ್ಷಿಸುವ ನೆಪದಲ್ಲಿ "ಹಲೋ, ಹಲೋ" ಎನ್ನುತ್ತೇನೆ. ಯಂತ್ರ ಅದನ್ನೇ ತಿರುಗಿ ಹೇಳುತ್ತದೆ.

ಟೈಲರಕ್ಕನ ಮನೆಗೆ ಹೋದದ್ದೂ ವ್ಯಾಪಾರಕ್ಕೇ. ಮೂರನೇ ಮಹಡಿ, ಎರಡು ಕೋಣೆ, ಕಿಟಕಿಯ ಬಳಿ ಹೊಲಿಗೆ ಯಂತ್ರ. ಟೇಪ್ ರೆಕಾರ್ಡರು ಅವರ ಅಣ್ಣನದು. ಇಬ್ಬರೂ ಮದುವೆಯಾಗದೆ ಒಟ್ಟಿಗೇ ಬಾಳಿದವರು. ಅಣ್ಣ ಬದುಕಿದ್ದಾಗ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲವಂತೆ. ಈಗ ದಿನಾ ಒರೆಸುತ್ತೇನೆ, ಬಯ್ಯುವವರೇ ಇಲ್ಲ ಎಂದರು. ಬೆಲೆ ಮೊದಲ ದಿನವೇ ಕುದುರಿತು. ಆದರೆ ಟೇಪನ್ನು ಒತ್ತಿ ಓಡಿಸುವ ರಬ್ಬರ್ ಚಕ್ರ ಇರಲಿಲ್ಲ. ಅದಿಲ್ಲದೆ ಯಂತ್ರ ಹಾಡುವುದಿಲ್ಲ. ಎಲ್ಲೋ ಇಟ್ಟಿದ್ದೇನೆ, ಮುಂದಿನ ವಾರ ಬಾ ಎಂದರು ಅಕ್ಕ.

ಮುಂದಿನ ವಾರವೂ ಚಕ್ರ ಸಿಗಲಿಲ್ಲ. ಚಹಾ ಸಿಕ್ಕಿತು, ನನ್ನ ಅಂಗಿಗೆ ಬಿದ್ದುಹೋಗಿದ್ದ ಗುಂಡಿ ಬಂತು. ಅದರ ಮುಂದಿನ ವಾರ ಇಬ್ಬರೂ ಸೇರಿ ಅಣ್ಣನ ಕಪಾಟು ಜಾಲಾಡಿದೆವು. ಆಮೇಲೆ ಬಾಗಿಲು ತೆರೆಯುವಾಗಲೇ ಅಕ್ಕನ ಲೇವಡಿ ಶುರುವಾಗುತ್ತಿತ್ತು: "ಬನ್ನಿ ಗುಜರಿ ಸಾಹೇಬ್ರೇ, ಇವತ್ತಾದ್ರೂ ನಿಮ್ಮ ಚಕ್ರ ದರ್ಶನ ಕೊಡುತ್ತೇನೋ ನೋಡೋಣ."

ಆ ಚಕ್ರ ತಾನಾಗಿ ಬೀಳುವಂಥದ್ದಲ್ಲ. ಯಾರೋ ತಿರುಪು ಬಿಚ್ಚಿ, ಅದನ್ನು ತೆಗೆದು, ಮತ್ತೆ ತಿರುಪು ಬಿಗಿದಿದ್ದರು. ತಿರುಪಿನ ತಲೆಯ ಮೇಲೆ ಹೊಸ ಗೀರಿತ್ತು. ಇದು ತಿಳಿಯದಷ್ಟು ದಡ್ಡ ನಾನಲ್ಲ. ಹಾಗಂತ ನಾನೂ ಸಾಚಾ ಏನಲ್ಲ. ಅಂಥ ಚಕ್ರಗಳು ನನ್ನ ಅಂಗಡಿಯ ಡಬ್ಬಿಯಲ್ಲಿ ಬೇಕಾದಷ್ಟಿದ್ದವು. ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದರೆ ವ್ಯವಹಾರ ಮುಗಿಯುತ್ತಿತ್ತು. ಮುಗಿದೇ ಹೋಗುತ್ತಿತ್ತು.

ಕೊನೆಗೆ ಹೊರದೇಶದ ಗಿರಾಕಿ, ಈ ಹಡಗಿಗೆ ಹಾಕದಿದ್ದರೆ ಬೇರೆ ಕಡೆ ಕೊಳ್ಳುತ್ತೇನೆ ಎಂದು ಕಡ್ಡಿ ಮುರಿದಂತೆ ತಿಳಿಸಿದ. ಪೆಟ್ಟಿಗೆಗಳ ಸಮೇತ ಹೋಗಿ ಅಕ್ಕನಿಗೆ ವಿಷಯ ಹೇಳಿದೆ. ಅವರು ಹೊಲಿಗೆ ಯಂತ್ರದ ಡ್ರಾಯರ್ ಎಳೆದು, ದಾರದ ಉಂಡೆಗಳ ಕೆಳಗಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು ನನ್ನ ಕೈಗಿಟ್ಟರು. ಚಕ್ರ.

"ಇದು ಹೋದ್ಮೇಲೆ ನೀನು ಯಾಕಪ್ಪಾ ಬರ್ತೀಯ?"

ಕೆಲಸಕ್ಕೆ ಕೂತೆ. ಚಕ್ರ ಕೂರಿಸಿದೆ, ಸ್ಪೂಲುಗಳನ್ನು ಕಳಚಿ ಬೇರೆಯಾಗಿ ಕಾಗದದಲ್ಲಿ ಸುತ್ತಿದೆ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟೆ. ಸಂದುಗಳಿಗೆ ಅಕ್ಕ ತಮ್ಮ ಚಿಂದಿ ಬಟ್ಟೆಗಳನ್ನು ತಂದು ತುರುಕಿದರು. ಅಲುಗಾಡದ ಹಾಗೆ ಒಯ್ಯಿ, ಅಣ್ಣ ಮೊದಲೇ ಸಿಡುಕ ಎಂದರು.

ಹೊರಡುವಾಗ, ಯಂತ್ರವಿದ್ದ ಜಾಗದಲ್ಲಿ ನನ್ನ ಸ್ಕ್ರೂಡ್ರೈವರ್ ಬಿಟ್ಟೆ. ಕಸುಬಿಗೆ ಬಂದಾಗಿನಿಂದ ಕೈಬಿಡದ ಸ್ಕ್ರೂಡ್ರೈವರ್ ಅದು.

ಅಕ್ಕನ ಕಣ್ಣು ಅದರ ಮೇಲೆ ಬಿತ್ತು. "ಏನಾದ್ರೂ ಮರೆತೆಯೇನೋ ನೋಡ್ಕೋ."

"ಏನೂ ಇಲ್ಲಕ್ಕಾ."

ಅವರು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅದರ ಮೇಲೆ ಹೊದಿಸಿದರು.

ಆನೆಭಾರದ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದೆ. ಒಂದು ಮಹಡಿ ಇಳಿದು ಸುಧಾರಿಸಿಕೊಳ್ಳಲು ನಿಂತಾಗ, ಪ್ರತಿಸಲ ನಾನು ಇಳಿಯುವಾಗ ಕೇಳಿಸುತ್ತಿದ್ದ ಹೊಲಿಗೆ ಯಂತ್ರದ ಸದ್ದು ಮೇಲೆ ಶುರುವಾಗಲೆಂದು ಕಾದೆ. ಆಗಲಿಲ್ಲ. ಮತ್ತೆ ಪೆಟ್ಟಿಗೆ ಎತ್ತಿಕೊಂಡೆ.