ಕೋಲಿನ ತುದಿಯಡಿ ಸಿರುಗುಪ್ಪ

ಕೋಲಿನ ತುದಿ ಈಗ ನಕಾಶೆಯ ಸಮುದ್ರದ ಮೇಲಿದೆ, ಆ ಬಿಳಿ ಸುಳಿಯ ಸುತ್ತ ಒಂದು ಸುತ್ತು, ಮತ್ತೊಂದು ಸುತ್ತು — ಟೀವಿಯೊಳಗಿನ ಕೋಟಿನ ಮನುಷ್ಯ ಹವಾಮಾನವನ್ನು ಹಿಂದಿಯಲ್ಲಿ ನಿಧಾನವಾಗಿ ಹೇಳುತ್ತಿದ್ದಾನೆ, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಂತೆ, ಇವನಿಗೇನು ಅವಸರ, ಹೊರಗೆ ಮಳೆ ಬಿಟ್ಟಿಲ್ಲ, ಪಾರ್ವತಿನಗರದ ಅರ್ಧ ಬೀದಿ ಎಂದಿನಂತೆ ನಮ್ಮ ಪಡಸಾಲೆಯಲ್ಲಿ ಕೂತಿದೆ, ಒದ್ದೆ ಸೀರೆಗಳ ವಾಸನೆ, ಚಹಾ ಕಾಸಬೇಕು, ಏಳಲಾರೆ, ಸಾಕಾಗಿದೆ. ಎಲ್ಲರೂ ನಮ್ಮ ಯಜಮಾನರ ಮುಖ ನೋಡುತ್ತಾರೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ದಿನಾ ಕನ್ನಡದಲ್ಲಿ ಬಿಡಿಸಿ ಹೇಳುವವರು, ಸಮುದ್ರ ಕಾಯ್ತೈತಿ, ಗಾಳಿ ಹಗುರಾಗಿ ಮ್ಯಾಲೆ ಹೋಗ್ತೈತಿ, ಆ ಜಾಗಕ್ಕ ಸುತ್ತಲಿನ ಗಾಳಿ ನುಗ್ತೈತಿ — ಹೋದ ವರ್ಷವೂ ಇದೇ ಮಾತು, ಆಗ ಧ್ವನಿ ದೊಡ್ಡದಿತ್ತು. ಇಂಥದೇ ಸುಳಿ ನೋಡಿ ಸಿರುಗುಪ್ಪಕ್ಕೆ ಓಡಿದ್ದರು, ಮಗಳನ್ನು ಕೊಟ್ಟ ಮನೆಗೆ, ನೆಲ್ಲು ಕೊಯ್ಯಿಸಿಬಿಡ್ರಿ ಬೀಗರ, ಮಳಿ ಬರ್ತೈತಿ, ಕಾಳು ಇನ್ನೂ ಹಾಲಲ್ಲೇ ಇತ್ತು, ಆದರೂ ಮೇಷ್ಟ್ರ ಮಾತೆಂದು ಕೊಯ್ಯಿಸಿದರು, ಸುಳಿ ಬೇರೆಲ್ಲೋ ತಿರುಗಿತು, ಅಲ್ಲಿ ಒಂದು ಹನಿಯೂ ಬೀಳಲಿಲ್ಲ, ಬೆಳೆ ಹಾಳಾಯಿತು. ಆ ಸಿಟ್ಟನ್ನು ಬೀಗರು ದೊಡ್ಡಬಸಪ್ಪ ಒಂದು ವರ್ಷ ಹಲ್ಲುಕಚ್ಚಿ ಹಿಡಿದು, ಮೊನ್ನೆ ಬಸುರಿ ಮಗಳ ಕುಪ್ಪಸದ ದಿನ, ಸೀಮಂತದೂಟದ ಪಂಕ್ತಿಯಲ್ಲಿ ಬಿಟ್ಟರು, ನಗುತ್ತಲೇ, ನಿಮ್ಮ ಟೀವಿ ಪೆಟಿಗಿ ಏನಂತೈತ್ರಿ ಮೇಷ್ಟ್ರ, ಉಣ್ಣಾಕ ಕುಂದ್ರಬೇಕೋ ಬ್ಯಾಡೋ. ಎಲ್ಲ ನಕ್ಕರು. ಇವರು ಹೋಳಿಗೆಯನ್ನು ಮುರಿದು ಮುರಿದು ಪುಡಿ ಮಾಡಿದರು, ತಿನ್ನಲಿಲ್ಲ.

ಅಂದೇ ಮಗಳು ಬಸಮ್ಮನನ್ನು ಕರೆತರಬೇಕಿತ್ತು, ಕುಪ್ಪಸ ಮಾಡಿ ಕರೆತರುವುದು, ಚೊಚ್ಚಲ ಬಾಣಂತನ ತವರಿನದು, ಊರೆಲ್ಲ ಹಾಗೇ ಮಾಡುತ್ತದೆ, ಇವರು ಕೈ ತೊಳೆದು ಸೀದಾ ಬಸ್ಸು ಹತ್ತಿದರು, ಸೋಮವಾರ ಕರಿಯಾಕ ಬರ್ತೀವಿ ಅಂದು. ಆಮೇಲೆ ಟೀವಿಯಲ್ಲಿ ಈ ಸುಳಿ ಬಂತು, ಹೋಗಿ ಬಸಮ್ಮನ್ನ ಕರ್ಕೊಂಡು ಬರ್ರಿ ಅಂತ ಬೇಡಿಕೊಂಡೆ, ಮತ್ತ ಟೀವಿ ನೋಡಿ ಓಡಿ ಬಂದ ಅಂತಾರ, ಸೋಮವಾರ ಹೋದ್ರಾತು ಬಿಡು ಅಂದರು ಇವರು — ಇವತ್ತು ಸೋಮವಾರ. ಬೆಳಿಗ್ಗೆ ಸಿರುಗುಪ್ಪದಿಂದ ಬಂದ ಮೊದಲ ಬಸ್ಸಿನ ಕಂಡಕ್ಟರ್ ಸುಂಕಣ್ಣ ಬಾಗಿಲಿಗೆ ಬಂದು ಹೇಳಿದ, ನೋವು ಸುರುವಾಗ್ಯಾವಂತ್ರಿ ಅಮ್ಮಾ, ಸೂಲಗಿತ್ತಿ ಯಾಕೋ ಹೆದರ್ಯಾಳ, ಜಲ್ದಿ ಬರ್ರಿ. ಹೊರಟೆವು, ಅರ್ಧ ದಾರಿಯಲ್ಲಿ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು, ಬಸ್ಸು ಹಿಂದಕ್ಕೆ ತಿರುಗಿತು, ಟ್ರಂಕ್ ಕಾಲ್ ಹಚ್ಚಿದರೆ ಲೈನಿಲ್ಲ, ಕೂಸಿಗೆಂದು ಕಟ್ಟಿದ ಹಳೇ ಮೆತ್ತನೆ ಸೀರೆಗಳ ಚೀಲ ಬಾಗಿಲ ಬಳಿ ಹಾಗೇ ಇದೆ, ನೀರು ಬಸಿಯುತ್ತಾ, ನನ್ನ ಕಣ್ಣಲ್ಲಿ ಮಾತ್ರ ನೀರಿಲ್ಲ, ಗಂಡನ ಮೇಲೆ ಸಿಟ್ಟು ಮಾಡಲೂ ಶಕ್ತಿಯಿಲ್ಲ. ಗಾಳಿ ಯಾಕೆ ಸುತ್ತುತ್ತದೆ ಎಂದು ಹೇಳುತ್ತಾನೆ ಆ ಮನುಷ್ಯ, ಹಳ್ಳ ಯಾವಾಗ ಇಳಿಯುತ್ತದೆ ಹೇಳಪ್ಪಾ, ನನ್ನ ಮಗಳು ಉಸಿರಾಡುತ್ತಿದ್ದಾಳೋ ಹೇಳು. ಕೋಲಿನ ತುದಿ ಸಮುದ್ರ ಬಿಟ್ಟು ದಡಕ್ಕೆ ಬರುತ್ತದೆ, ಒಳಗೆ, ಇನ್ನೂ ಒಳಗೆ, ನಿಲ್ಲುತ್ತದೆ. ಪಕ್ಕದ ಮನೆ ಹಂಪಕ್ಕ ಮೆಲ್ಲಗೆ ಕೇಳುತ್ತಾಳೆ, ಸಾರ್, ಅದರಾಗ ಸಿರುಗುಪ್ಪ ಎಲ್ಲೈತ್ರಿ. ಇವರು ಎದ್ದು ಹತ್ತಿರ ಹೋಗಿ, ಬೆರಳೆತ್ತಿ, ಇಳಿಸಿ, ಆ ಕೋಲಿನ ಅಡಿಗೇ ಐತವ್ವ, ಕಾಣಂಗಿಲ್ಲ, ಅನ್ನುತ್ತಾರೆ. ಫಟ್ಟನೆ ಕರೆಂಟು ಹೋಯಿತು, ಯಾರೋ ಬೆಂಕಿಪೆಟ್ಟಿಗೆ ತಡಕುತ್ತಾರೆ, ಮಳೆ, ಕತ್ತಲು, ಕತ್ತಲಲ್ಲೂ ಕಾಣುತ್ತಿದೆ, ಕೋಲಿನ ತುದಿ, ಎತ್ತಪ್ಪಾ, ಒಂದೀಟು ಎತ್ತು, ಎತ್ತುತ್ತಿಲ್ಲ, ಕೋಲಿನ ತುದಿ, ಅದರಡಿ ನನ್ನ ಬಸಮ್ಮ, ಕೋಲಿನ ತುದಿ —